ಯೂನಿಫಾರ್ಮು ಕಂಡರೆ ಅಮ್ಮ

ಅಮ್ಮನ ಜೊತೆ ಕೆನಡಾದ ಸ್ಕಾರ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಬದುಕುವುದು ಎಂಥ ತಲೆನೋವೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಹೊರಗಿನವರ ಕಣ್ಣಿಗೆ ಅವಳು ಹಣೆಗೆ ದೊಡ್ಡ ಕುಂಕುಮ ಇಟ್ಟ ಸಾಧು ಹೆಂಗಸು. ಆದರೆ ಬಾಗಿಲಲ್ಲಿ ಯೂನಿಫಾರ್ಮು ಕಂಡಿತೋ, ಮುಗಿಯಿತು. ಅಂಚೆಯವನಿರಲಿ, ಫೈರ್ ಅಲಾರ್ಮ್ ನೋಡಲು ಬಂದವನಿರಲಿ, ನನ್ನ ರಟ್ಟೆ ಹಿಡಿದು ಬಾತ್‌ರೂಮಿಗೆ ಎಳೆದುಕೊಂಡು ಹೋಗಿ ಚಿಲಕ ಹಾಕುತ್ತಿದ್ದಳು. ನನಗಾಗ ಮೂವತ್ತು ದಾಟಿತ್ತು.

"ಅಮ್ಮಾ, ಅವ ಪಿಜ್ಜಾ ತಂದದ್ದು! ತಣ್ಣಗಾಗ್ತದೆ!"

"ಆಗ್ಲಿ. ಮಾತಾಡ್ಬೇಡ."

ಕಾರಣ ನನಗೆ ಗೊತ್ತಿಲ್ಲದ್ದೇನಲ್ಲ. ನಾನು ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ. ಉಡುಪಿ ಕಡೆಯಿಂದ ಹೋದ ಅಪ್ಪ ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಸೈನ್ಯದ ಜನರಲ್ ಒಬ್ಬ ದೇಶವನ್ನು ಕೈಗೆ ತೆಗೆದುಕೊಂಡು, ಏಷ್ಯಾದವರೆಲ್ಲ ಮೂರು ತಿಂಗಳಲ್ಲಿ ಜಾಗ ಖಾಲಿ ಮಾಡಬೇಕೆಂದು ಹೇಳಿದಾಗ ನಾನು ಮೂರನೇ ಕ್ಲಾಸು. ನಮ್ಮ ಪೆಟ್ಟಿಗೆಗಳು ಕಟ್ಟಿ ಆಗಿದ್ದವು. ಒಂದು ಸಂಜೆ ಸೈನಿಕರು ಬಂದು, ಸ್ವಲ್ಪ ಮಾತಾಡಲಿಕ್ಕಿದೆ ಎಂದು ಅಪ್ಪನನ್ನು ಕರೆದರು. ಅಪ್ಪ ಅಂಗಿ ಹಾಕಿಕೊಳ್ಳುತ್ತ ಅಮ್ಮನಿಗೆ ಹೇಳಿದರು: "ಬಾಗ್ಲು ಹಾಕಿಕೊ. ಯಾರ ಹತ್ರವೂ ಎಂತದೂ ಕೇಳ್ಬೇಡ."

ಅಮ್ಮ ಯಾರ ಹತ್ತಿರವೂ ಕೇಳಲಿಲ್ಲ. ಪಕ್ಕದ ಮನೆಯ ಗುಜರಾತಿ ಹೆಂಗಸು ಸೈನಿಕರು ಹಿಡಿದೊಯ್ದ ಮಗನನ್ನು ಕೇಳಿಕೊಂಡು ಬ್ಯಾರಕ್ಕಿಗೆ ಹೋಗಿ, ತಾನೂ ವಾಪಸ್ಸು ಬಂದಿರಲಿಲ್ಲ. ಅಪ್ಪ ಬರಲಿಲ್ಲ. ನಾವಿಬ್ಬರೇ ಕೆನಡಾದ ವಿಮಾನ ಹತ್ತಿದೆವು.

ಇದನ್ನು ಹೇಳಿದರೆ ನಮ್ಮ ಕನ್ನಡದವರು ಗಣಪತಿ ಪೂಜೆಯ ಊಟದ ಸಾಲಿನಲ್ಲಿ ನಿಂತುಕೊಂಡು, "ಅಯ್ಯೋ ಪಾಪ. ಅಂದ ಹಾಗೆ, ಅಲ್ಲಿ ಸಿಂಹ ನೋಡಿದೀರಾ?" ಎನ್ನುವರು. ಹೇಳುವುದನ್ನೇ ಬಿಟ್ಟೆ.

ಇವರೆಲ್ಲರ ಮೇಲೆ ಚಿಕ್ಕಪ್ಪ. ಅಪ್ಪನ ತಮ್ಮ, ಆಮೇಲೆ ಊರಿನಿಂದ ಬಂದು ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್‌ನಲ್ಲಿ ಮನೆ ಮಾಡಿದ್ದರು. ಬಂದಾಗಲೆಲ್ಲ ಅದೇ ರಾಗ. "ಅತ್ತಿಗೇ, ಹನ್ನೆರಡು ವರ್ಷ ಕಾದ್ರೆ ಸಾಕು ಅಂತ ಶಾಸ್ತ್ರವೇ ಹೇಳ್ತದೆ. ಇಪ್ಪತ್ತು ದಾಟಿತು. ಅಣ್ಣನ ಕ್ರಿಯೆ ಮಾಡಿ ಮುಗಿಸುವ."

ಅಮ್ಮ ಕಾಫಿ ತರಲು ಒಳಗೆ ಹೋಗುವಳು. ಬೇಡ ಎಂದಾದರೂ ಹೇಳಬಾರದೇ? ಚಿಕ್ಕಪ್ಪ ನನ್ನ ಮುಖ ನೋಡುವರು, ನಾನು ಗೋಡೆ ನೋಡುವೆ. ಇಬ್ಬರ ನಡುವೆ ನನಗೆ ಸಾಕುಸಾಕಾಗಿತ್ತು.

ಒಂದು ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಎದುರು ಮನೆಯಲ್ಲಿ ಕಳ್ಳತನವಾಗಿತ್ತು. ಎಳೆ ಮುಖದ ಪೊಲೀಸನೊಬ್ಬ ಮನೆಮನೆಗೆ ವಿಚಾರಿಸುತ್ತ ಬಂದಿದ್ದ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅಮ್ಮನೇ ಬಾಗಿಲು ತೆಗೆದು ನಿಂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ, ಕಂಪಾಲಾದ ಮಾರ್ಕೆಟ್ಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಕೇಳಿದಳು: "ಮೈ ಹಸ್ಬೆಂಡ್. ಯು ಟುಕ್ ಹಿಮ್. ವೇರ್?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ನನ್ನತ್ತ ತಿರುಗಿದ. ಹಲ್ಲು ಕಚ್ಚಿಕೊಂಡು ಎರಡು ಮಾತಿನಲ್ಲಿ ಎಲ್ಲ ವಿವರಿಸಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಐ ಡೋಂಟ್ ನೋ, ಮ್ಯಾಮ್. ಐ ಆ್ಯಮ್ ಸಾರಿ."

ಅಮ್ಮ ತಲೆಯಾಡಿಸಿ ಒಳಗೆ ಹೋದಳು. ಅವನನ್ನು ಕಳಿಸಿ ಬಂದು ನಾನು ಕೂಗಾಡಿದೆ. "ಅವ ಇಲ್ಲಿಯ ಪೊಲೀಸ, ಅಮ್ಮಾ! ಅಪ್ಪನ್ನ ಕೊಂಡೋಗುವಾಗ ಅವನಿಗೆ ಹಲ್ಲೂ ಬಂದಿರ್ಲಿಕ್ಕಿಲ್ಲ!"

"ನಂಗೆ ಅಷ್ಟೂ ಗೊತ್ತಾಗುದಿಲ್ವಾ?"

"ಮತ್ತೆ ಎಂತಕ್ಕೆ ಕೇಳಿದ್ದು?"

"ಯಾರ ಹತ್ರ ಆದ್ರೂ ಒಮ್ಮೆ ಕೇಳ್ಬೇಕಿತ್ತು. ಎಲ್ಲಿದ್ದಾರೆ ಅಂತ ಒಂದು ಮಾತೂ ಕೇಳದೆ ಪಿಂಡ ಇಡ್ಲಿಕ್ಕೆ ಆಗ್ತದಾ?" ಫೋನನ್ನು ನನ್ನ ಮುಂದೆ ತಳ್ಳಿ, "ನಿನ್ನ ಚಿಕ್ಕಪ್ಪಂಗೆ ಫೋನ್ ಮಾಡು" ಎಂದಳು.

ಇಷ್ಟು ವರ್ಷ ಅವಳು ಅಪ್ಪ ಬರುತ್ತಾರೆಂದು ಕಾಯುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಹೇಳಿದ್ದರೆ ಏನು ಹೋಗುತ್ತಿತ್ತು? ಕೋಪ ಬಂದರೂ ಚಿಕ್ಕಪ್ಪನ ನಂಬರು ಒತ್ತಿದೆ.

ಕ್ರಿಯೆ ನಡೆದದ್ದು ಮಾಲ್ಟನ್‌ನಲ್ಲಿ, ಚಿಕ್ಕಪ್ಪನ ಬೇಸ್‌ಮೆಂಟಿನಲ್ಲಿ. ನಾನು ಮಗಳಾದ್ದರಿಂದ ಕರ್ತೃವಾಗಿ ಕೂತದ್ದು ಅವರೇ. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಮಂತ್ರ ನಿಲ್ಲುತ್ತಿತ್ತು. ಪುರೋಹಿತರಿಗೆ ಅಲ್ಲಿಂದ ಒಂದು ಗೃಹಪ್ರವೇಶಕ್ಕೆ ಹೋಗುವ ಅವಸರ. ದಿನ ನೋಡುವಾಗ ಅವರು, ಸತ್ತ ತಿಥಿ ಗೊತ್ತಿಲ್ಲದಿದ್ದರೆ ಅಮಾವಾಸ್ಯೆ ಹಿಡಿಯೋಣ ಎಂದಿದ್ದರು. ಅಮ್ಮ ಬಿಟ್ಟಿರಲಿಲ್ಲ, ಅಪ್ಪ ಮನೆಯಿಂದ ಹೊರಟ ದಿನವೇ ಆಗಬೇಕು ಎಂದಿದ್ದಳು. ಕುಂಕುಮದ ಮಾತೆತ್ತಿದ ಚಿಕ್ಕಪ್ಪನಿಗೆ, "ಅದು ನನ್ನ ಹಣೆ. ನೀನು ದರ್ಭೆ ಸರಿ ಹಿಡಿ" ಎಂದಳು.

ಪುರೋಹಿತರು ಸತ್ತವರ ಹೆಸರು ಕೇಳಿದರು. ಚಿಕ್ಕಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ, ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿರದ ಅಮ್ಮ, ಊರು, ತಂದೆಯ ಹೆಸರು ಎಲ್ಲ ಸೇರಿಸಿ ಗಟ್ಟಿಯಾಗಿ ಹೇಳಿದಳು. ಚಿಕ್ಕಪ್ಪ ಅತ್ತರು. ವಿಮಾನದ ಸದ್ದಿಗೆ ಪುರೋಹಿತರಿಗೆ ಏನೂ ಕೇಳಿಸಿರಲಿಲ್ಲ. ಇನ್ನೊಮ್ಮೆ ಹೇಳಿ ಎಂದರು. ಅಮ್ಮ ಬೇಸರಿಸದೆ ಇನ್ನೊಮ್ಮೆ ಹೇಳಿದಳು.