ಕಣ್ಣು ಕಾಣುವವರೆಗೆ

ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಅವರು ಇನ್‌ಸ್ಪೆಕ್ಟರು. ವಾರವಿಡೀ ಬೋಲ್ಟುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುವವರು. ಚಳಿಗಾಲದ ಭಾನುವಾರಗಳಲ್ಲಿ ಪಕ್ಕದ ಟೇಬಲ್ಲಿನ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಕುಣಿಗಲ್ ಕೆರೆಗೆ ಹೋಗುತ್ತಿದ್ದರು, ವಲಸೆ ಬಂದ ಕಡಲಹಕ್ಕಿಗಳನ್ನು ಗುರುತಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು. ಅಲ್ಲಿಗೆ ಬರುತ್ತಿದ್ದುದು ಕಂದುತಲೆ, ಕರಿತಲೆ ಎಂಬ ಎರಡು ಜಾತಿ; ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿಯೇ. ಬೆಳೆದ ಹಕ್ಕಿಯ ಕಣ್ಣು ಬಿಳಿಚಿಕೊಂಡಿದ್ದರೆ ಕಂದುತಲೆಯದು, ಕಪ್ಪಗಿದ್ದರೆ ಕರಿತಲೆಯದು. ನಾನು ದೂರದಿಂದಲೇ ಹೆಸರು ಹೇಳಿಬಿಟ್ಟರೆ ಗದರುತ್ತಿದ್ದರು: “ಕಣ್ಣು ಕಾಣೋವರ್ಗೂ ಹೆಸರು ಹೇಳ್ಬೇಡ ಕಣೋ.” ಆಮೇಲೆ ಹಕ್ಕಿಗೇ, “ಸ್ವಲ್ಪ ಈ ಕಡೆ ತಿರುಗಪ್ಪಾ,” ಅನ್ನುತ್ತಿದ್ದರು.

ಮಂಜು ಕವಿದ ಒಂದು ಬೆಳಿಗ್ಗೆ ತೂಬಿನ ಕಲ್ಲಿನ ಮೇಲೆ ಒಂದೇ ಒಂದು ಹಕ್ಕಿ ಕೂತಿತ್ತು. ಅವರು ಎಷ್ಟು ಹೊತ್ತಾದರೂ ದುರ್ಬೀನು ಇಳಿಸಲಿಲ್ಲ. ಕೊನೆಗೆ ನನ್ನ ಕೈಗೆ ಕೊಟ್ಟು, “ನೀನೂ ನೋಡು,” ಎಂದರು. ಕಣ್ಣಿರಬೇಕಾದ ಜಾಗದಲ್ಲಿ ನುಣುಪಾದ ಬಿಳಿ ಗರಿ ಮಾತ್ರ ಇತ್ತು, ಎರಡೂ ಕಡೆ. ಆದರೂ ನಾವು ಏರಿಯ ಮೇಲೆ ನಡೆದಂತೆಲ್ಲ ಅದರ ತಲೆ ನಮ್ಮ ಜೊತೆಗೇ ತಿರುಗುತ್ತಿತ್ತು.

“ಏನಂತ ಬರ್ಕೋತೀರಾ ಸಾರ್?”

“ಬರೆಯೋಕಾಗಲ್ಲ ಬುಡು,” ಎಂದು ನೋಟ್‌ಬುಕ್ಕನ್ನು ಜೇಬಿಗಿಟ್ಟರು.

ಮಾರನೆಯ ದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ತಿಂಗಳಾದ ಮೇಲೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೈಯಲ್ಲಿ ಅದೇ ನೋಟ್‌ಬುಕ್ಕು.

“ಸಾರ್, ನಾನು! ಗೊತ್ತಾಗ್ಲಿಲ್ವಾ?”

ಹತ್ತಿರ ಬಂದು ನನ್ನ ಮುಖವನ್ನೇ ನೋಡಿದರು. “ಸ್ವಲ್ಪ ಈ ಕಡೆ ತಿರುಗಪ್ಪಾ,” ಎಂದರು. ತಿರುಗಿದೆ. ನನ್ನ ಕಣ್ಣಿನ ಕಡೆಗೇ ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಹೆಸರು ಹೇಳದೆ, ನೋಟ್‌ಬುಕ್ಕನ್ನು ಜೇಬಿಗಿಟ್ಟರು.