ಕಿಟಕಿ ತೆಗೆಸಿದ ಪಾಠ

ಔರಾದದ ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ಕೊಡಲು ಹೋಗಿದ್ದೆ. ಅವತ್ತಿನ ಪಾಠ, ಆಜ್ಞೆ ಮಾಡುವ ವಾಕ್ಯಗಳು. ನಮ್ಮ ಕಡೆಯ ಮಾಸ್ತರರಿಗೆ ಮಾತಿಗೊಂದು ‘ರಿ’ ಹಚ್ಚದಿದ್ದರೆ ನಾಲಿಗೆಯೇ ಹೊರಳುವುದಿಲ್ಲ. ಒಬ್ಬರಿಗೊಬ್ಬರು ‘ಸಿಟ್ ಡೌನ್’ ಅನ್ನಲು ನಾಚಿಕೊಂಡು ಕೂತರು.

“ಇಂಗ್ಲಿಷ್‌ನ್ಯಾಗ ದೊಡ್ಡವ್ರು ಸಣ್ಣವ್ರು ಅಂತ ಇಲ್ರಿ. ಪ್ಲೀಸ್ ಗೀಸ್ ಏನೂ ಬ್ಯಾಡ. ಧೈರ್ಯದಿಂದ ಹೇಳ್ರಿ” ಎಂದು ಭಾಷಣ ಬಿಗಿದೆ.

ಧೈರ್ಯ ಬಂತು. ಆದರೆ ಎಲ್ಲರ ಧೈರ್ಯವೂ ಚಹಾ ತಂದ ಆಯಾ ಸುಶೀಲಮ್ಮನ ಮೇಲೆಯೇ ಹರಿಯಿತು. ಒಬ್ಬರು ‘ಓಪನ್ ದ ವಿಂಡೋ’ ಅಂದರೆ ಇನ್ನೊಬ್ಬರು ‘ಕ್ಲೋಸ್ ದ ವಿಂಡೋ’ ಅನ್ನುತ್ತಿದ್ದರು. ಅರವತ್ತರ ಹತ್ತಿರದ ಆ ಹೆಂಗಸು ಹತ್ತು ಸಲವಾದರೂ ಕಿಟಕಿ ತೆಗೆದು ಮುಚ್ಚಿದಳು. ಪ್ರತಿ ಸಲವೂ ನಾನು ‘ವೆರಿ ಗುಡ್’ ಅಂದೆ. ಅವಳಿಗಲ್ಲ, ಮಾಸ್ತರರಿಗೆ.

ಸಂಜೆ ಚಹಾ ಕುಡಿದು, ಕಪ್ಪನ್ನು ಬೆಂಚಿನ ಮೇಲೆ ಬಿಟ್ಟು ಹೊರಟೆ. ಬಾಗಿಲಿಗೆ ಸುಶೀಲಮ್ಮ ಅಡ್ಡ ನಿಂತಿದ್ದಳು.

“ಸರ್, ವಾಶ್ ಯುವರ್ ಕಪ್.”

ಹಿಂದಿದ್ದ ಮಾಸ್ತರರೆಲ್ಲ ನನ್ನ ಕಡೆ ತಿರುಗಿದರು.

“ಪ್ಲೀಸ್ ಅನ್ನಬೇಕವ್ವಾ” ಅಂದೆ.

“ಮುಂಜಾನಿಂದ ನನಗ್ಯಾರೂ ಅಂದಿಲ್ಲಲ್ರಿ ಸರ್. ಬ್ಯಾಡ ಅಂತ ನೀವೇ ಹೇಳಿದ್ರಿ.”

ಎಲ್ಲರ ಎದುರಿಗೇ ನಳದ ಕೆಳಗೆ ಕಪ್ಪು ತೊಳೆದೆ.

“ವೆರಿ ಗುಡ್ ರೀ ಸರ್” ಅಂದರು ಸುಶೀಲಮ್ಮ.

‘ಎಲ್ಲ ಶಿಕ್ಷಕರೂ ಚೆನ್ನಾಗಿ ಕಲಿತರು’ ಎಂದು ವರದಿ ಬರೆದು ಕೊಟ್ಟೆ. ನಿಜಕ್ಕೂ ಕಲಿತ ಒಬ್ಬರ ಹೆಸರು ಹಾಜರಿ ಪಟ್ಟಿಯಲ್ಲಿ ಇರಲೇ ಇಲ್ಲ.