ಬರೆಯಲಾಗಲಿಲ್ಲ ಎಂದ ಫ್ಲಾಪಿ

ಇವತ್ತು ಬೆಳಿಗ್ಗೆ ಎಂದಿನಂತೆ ಹಾಲು ಕಾಸಿ, ರೊಟ್ಟಿ ಬಡಿದು, ಮನೆಯವರಿಗೆ ಡಬ್ಬಿ ಕಟ್ಟಿಕೊಟ್ಟು, ಬಿಸಿಲಿಗೆ ಹಾಕಲೆಂದು ಟ್ರಂಕಿನ ಸೀರೆಗಳನ್ನು ತೆಗೆದೆ. ಇಳಕಲ್ ಸೀರೆಯ ಮಡಿಕೆಯಿಂದ ಕರಿ ಫ್ಲಾಪಿಯೊಂದು ಜಾರಿ ಬಿತ್ತು. ನುಸಿಗುಳಿಗೆಯ ವಾಸನೆ ಅದಕ್ಕೂ ಹತ್ತಿತ್ತು. ಲೇಬಲ್ಲಿನ ಮೇಲೆ ಸರ್ ಅವರ ಸಣ್ಣ ನೀಲಿ ಅಕ್ಷರ... ಇಷ್ಟು ವರ್ಷಗಳಾದ ಮೇಲೂ ಮಾಸಿರಲಿಲ್ಲ.

ತೊಂಬತ್ತರ ದಶಕದ ಮಾತು. ಚಿಕ್ಕೋಡಿಯ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಸರ್ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಬಿಡುವಾದಾಗ ತಮ್ಮದೇ ಒಂದು ಪ್ರೋಗ್ರಾಮು ಬರೆಯುತ್ತಿದ್ದರು. ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವಂಥದು. ಅದರಲ್ಲಿ ಒಂದೇ ಭಾಗ ಅವರನ್ನು ಕಾಡುತ್ತಿತ್ತು: ಬರೆಯಲು ಹೋದಾಗ ಡಿಸ್ಕು ಒಪ್ಪದಿದ್ದರೆ ಏನು ಮಾಡಬೇಕು?

"ಆಗಲಿಲ್ಲ ಅಂದ್ರ ಆಗಲಿಲ್ಲ ಅಂತ ಹೇಳಬೇಕ್ರಿ ವೈನಿ. ಆಗೇತಿ ಅಂತ ಸುಳ್ಳು ಹೇಳಿದ್ರ ಮುಗೀತು," ಅನ್ನುತ್ತಿದ್ದರು. ಅತ್ತಿಗೆ ಎಂಬರ್ಥದಲ್ಲಿ ನನ್ನನ್ನು ವೈನಿ ಎಂದೇ ಕರೆಯುತ್ತಿದ್ದರು.

ರಕ್ತ ಕೊಡುವವರ ಪಟ್ಟಿಯೊಂದನ್ನೂ ಅವರು ಶುರುಮಾಡಿದ್ದರು. ರಾಯಬಾಗ, ಭೋಜ, ಐನಾಪುರದಿಂದ ಹೆಸರು, ಗುಂಪು ಬರೆದ ಚೀಟಿಗಳು ಬರುತ್ತಿದ್ದವು. ಕಾನ್ವೆಂಟಿನಲ್ಲಿ ಟೈಪಿಂಗ್ ಕಲಿತವಳೆಂದು ಅವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ.

ಒಂದು ದಿನ ಐನಾಪುರದ ಪಟ್ಟಿ ಉಳಿಸುವಾಗ ಯಂತ್ರ ಕರಕರ ಎಂದಿತು. ಬರೆಯಲಾಗಲಿಲ್ಲ ಎಂದು ಪರದೆಯ ಮೇಲೆ ಬಂತು. ಕೆಳಗೆ ಮೂರು ದಾರಿ: ನಿಲ್ಲಿಸಲೇ, ಮತ್ತೊಮ್ಮೆ ನೋಡಲೇ, ಬಿಟ್ಟು ಮುಂದೆ ಹೋಗಲೇ? ಸರ್ ಊರಲ್ಲಿರಲಿಲ್ಲ. ಏನೋ ಕೆಡಿಸಿಬಿಟ್ಟೆ ಎಂದು ಹೆದರಿದೆ. ಶಾಲೆಯಲ್ಲಿ ಶಾಯಿ ಚೆಲ್ಲಿದರೆ ಸಿಸ್ಟರ್ ಕಾಣುವ ಮೊದಲೇ ಪುಟ ತಿರುವುತ್ತಿದ್ದವಳು ನಾನು. ಮೂರನೆಯದನ್ನು ಒತ್ತಿದೆ. ಪಟ್ಟಿ ಉಳಿಯದೆ ಪರದೆಯಿಂದ ಮಾಯವಾಯಿತು. ಯಾರಿಗೂ ತಿಳಿಯದಿರಲೆಂದು ಆ ಊರಿನ ಚೀಟಿಗಳನ್ನು ಬಚ್ಚಲ ಒಲೆಗೆ ಹಾಕಿ ಸುಮ್ಮನಾದೆ.

ಆಮೇಲೆ ಹದಿನೈದು ದಿನ ಸರ್ ಎದುರಾದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ಹೋಗುತ್ತಿದ್ದೆ.

ಹದಿನಾರನೆಯ ದಿನ ನನ್ನ ನಾದಿನಿಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಓ ನೆಗೆಟಿವ್ ಬೇಕೆಂದು ಡಾಕ್ಟರು ಹೇಳಿ ಕಳಿಸಿದರು. ನಮ್ಮ ಪಟ್ಟಿಗಳಲ್ಲಿ ಆ ಗುಂಪಿನವರು ಇದ್ದದ್ದು ಒಬ್ಬರೇ... ನಾನು ಸುಟ್ಟ ಚೀಟಿಯಲ್ಲಿ.

ಸರ್ ಕಂಪ್ಯೂಟರಿನ ಮುಂದೆ ಕೂರುವುದರೊಳಗೆ ಬಾಗಿಲು ಹಿಡಿದು ಹೇಳಿಬಿಟ್ಟೆ. "ಸರ್, ಅದರಾಗ ಇಲ್ರಿ. ನಾನ ಕಳದೀನಿ. ಚೀಟಿನೂ ಸುಟ್ಟೀನಿ."

ಅವರು ತಿರುಗಲಿಲ್ಲ. ಡ್ರಾಯರಿನಿಂದ ಮಡಚಿದ ಹಾಳೆ ತೆಗೆದರು.

"ಗೊತ್ತೈತ್ರಿ ವೈನಿ. ಯಾವ ಪಟ್ಟಿ ಬರಿಯಾಕ ಆಗಲಿಲ್ಲ, ಏನ ಒತ್ತಿದ್ರು, ಎಲ್ಲಾ ಇನ್ನೊಂದ ಫ್ಲಾಪಿಯೊಳಗ ತಾನಾಗೇ ದಾಖಲ ಆಗತೈತಿ. ಊರಿಂದ ಬಂದ ಮರುದಿನಾನ ಐನಾಪುರಕ್ಕ ಹೋಗಿ ತಿರುಗಿ ಬರಕೊಂಡ ಬಂದೀನಿ."

"ಮತ್ತ ಯಾಕ ಬೈಲಿಲ್ರಿ?"

"ತಪ್ಪ ನಂದ್ರಿ. ಹೆದರಿದವರು ಮೂರನೇದನ್ನ ಒತ್ತತಾರ. ಅದನ್ನ ಇಡಬಾರದಿತ್ತು." ಅಷ್ಟು ಹೇಳಿ ಫೋನು ತಿರುಗಿಸತೊಡಗಿದರು.

ಐನಾಪುರದ ದ್ರಾಕ್ಷಿ ತೋಟದಿಂದ ಆ ಒಬ್ಬರು ಜೀಪಿನಲ್ಲಿ ಬಂದರು. ಉಗುರಿನ ಸಂದಿಯಲ್ಲಿ ಬಳ್ಳಿಗೆ ಔಷಧಿ ಹೊಡೆದ ನೀಲಿ ಹಾಗೇ ಇತ್ತು. ಅವರು ಮಲಗಿ ಕೈ ಚಾಚುವವರೆಗೂ ನಾನು ಆಸ್ಪತ್ರೆಯ ಕಂಬ ಬಿಟ್ಟಿರಲಿಲ್ಲ. ನಾದಿನಿ ಉಳಿದಳು.

ಆ ವಾರವೇ ಸರ್ ಮೂರನೆಯ ದಾರಿಯನ್ನು ತೆಗೆದುಹಾಕಿದರು. ಮುಂದೆ ಪುಣೆಗೆ ಹೋಗುವಾಗ ದಾಖಲೆಯ ಆ ಫ್ಲಾಪಿಯನ್ನು ನನಗೇ ಕೊಟ್ಟರು. ಅಲ್ಲಿ ಅವರು ತೀರಿಕೊಂಡದ್ದು ನಮಗೆ ತಿಳಿದದ್ದು ಆರು ತಿಂಗಳ ಮೇಲೆ. ಎದೆ ನೋಯುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲವಂತೆ... ಹೇಳಬೇಕ್ರಿ ಎನ್ನುತ್ತಿದ್ದ ಅವರೇ.

ಸಂಜೆ ಸೀರೆ ಮಡಚಲು ಬಂದ ಪಕ್ಕದ ಮನೆಯ ಹಿರಿಯಾಕೆ ಕಾಕು ಫ್ಲಾಪಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಳಗೆ ಕೆಟ್ಟಿರಬೇಕು ಎಂದೆ.

"ಮ್ಯಾಲ ನೋಡಿದ್ರ ಚಲೋನ ಐತಲ್ಲ ಬೇ. ಒಳಗ ಕೆಟ್ಟಿದ್ದು, ಅದು ತಾನಾಗಿ ಹೇಳದಿದ್ರ ಯಾರಿಗೆ ತಿಳೀತೈತಿ? ಹಾಂ, ಆ ಸೀರಿ ಚುಂಗ ಹಿಡಿ ಇತ್ತ."